ಕಾರ್ಡ್ ತರುವ ಮೊದಲು ಕ್ಯಾಬಿನೆಟ್ ಬಿಚ್ಚಿ: ಕಡಿಮೆ ಬಜೆಟ್‌ನ ಗ್ರಾಫಿಕ್ಸ್ ಕಾರ್ಡ್‌ಗಳ ಹೋಲಿಕೆ

"ಮಾವ, ಮೂವತ್ತು ಸಾವಿರ ಉಂಟು. 5060 ತಗೊಳ್ಳಲಾ, 9060 ತಗೊಳ್ಳಲಾ?"

ಸುರತ್ಕಲ್‌ನಿಂದ ಅಕ್ಕನ ಮಗ ಫೋನ್ ಮಾಡಿದ್ದು 2025ರ ದೀಪಾವಳಿಗೆ ಸ್ವಲ್ಪ ಮುಂಚೆ. ಎಲ್ಲ ಕಡೆ ಆಫರ್‌ಗಳ ಕಾಲ. ಅವನು ಕೇಳಿದ್ದು ಗೇಮಿನ ಚಿತ್ರ ಬಿಡಿಸಿ ಪರದೆಗೆ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಬಗ್ಗೆ: 5060 ಎನ್‌ವಿಡಿಯಾ ಕಂಪನಿಯದ್ದು, 9060 ಎಎಂಡಿ ಕಂಪನಿಯದ್ದು. ಅವನು ವಾರಗಟ್ಟಲೆ ವಿಡಿಯೋ ನೋಡಿ ದೊಡ್ಡ ಪಟ್ಟಿಯನ್ನೇ ಮಾಡಿ ಇಟ್ಟಿದ್ದ. ಯಾವ ಕಾರ್ಡಿನಲ್ಲಿ ಯಾವ ಗೇಮ್ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಓಡುತ್ತದೆ ಅನ್ನುವುದು ಬಾಯಿಪಾಠ. ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಎಸ್‌ಎಂಪಿಎಸ್ ಯಾವುದು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದು ಎಂತದು ಮಾವ?"

ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಹಂಚುವ ಡಬ್ಬಿ ಅದು. ಕಾರ್ಡ್ ಆರಿಸುವಾಗ ಎಲ್ಲರೂ ಕೊನೆಗೆ ನೋಡುವುದು ಇದನ್ನೇ. ನಾನು ಮೊದಲು ನೋಡುತ್ತೇನೆ. ಆ ಭಾನುವಾರ ಸುರತ್ಕಲ್‌ಗೆ ಹೋಗಿ, ನೆಲದ ಮೇಲೆ ಪೇಪರ್ ಹಾಸಿ, ಅವನ ಕ್ಯಾಬಿನೆಟ್ ಮಲಗಿಸಿ, ಸ್ಕ್ರೂ ಬಿಚ್ಚಿದೆವು.

ಒಳಗೆ ಏನಿತ್ತು

ಮೊದಲು ಕಂಡದ್ದು ಕೆಂಪು ಧೂಳು. ಮುರಕಲ್ಲಿನ ಊರಿನಲ್ಲಿ ಅದು ಎಲ್ಲಿಗೂ ಬರುತ್ತದೆ. ಆಮೇಲೆ ಎಸ್‌ಎಂಪಿಎಸ್ ಫ್ಯಾನಿನ ಪಕ್ಕದಲ್ಲಿ ಒಣಗಿ ಕಡ್ಡಿಯಾದ ಒಂದು ಹಲ್ಲಿ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಬೆಚ್ಚಗಿರುವ ಜಾಗ ಅಂತ ಹಲ್ಲಿ ಒಳಗೆ ಹೋಗುತ್ತದೆ, ತಂತಿಗಳ ನಡುವೆ ಸಿಕ್ಕಿಕೊಂಡು ಬೋರ್ಡನ್ನೂ ಸುಟ್ಟು ತಾನೂ ಸಾಯುತ್ತದೆ. ಕ್ಯಾಬಿನೆಟ್ ಹಿಂದೆ ಖಾಲಿ ಇರುವ ಕಿಂಡಿಗಳಿಗೆ ತಗಡಿನ ಪಟ್ಟಿ ಹಾಕಿಡಿ.

ಪ್ರೊಸೆಸರ್ ಇಂಟೆಲ್ ಐ5-10400. ಆರು ಕೋರ್, 2020ರದ್ದು, ಈಗಲೂ ಸಾಕು. ಮದರ್‌ಬೋರ್ಡ್ ಎಚ್410. ರ್‍ಯಾಮ್ 8 ಜಿಬಿಯ ಒಂದೇ ಒಂದು ಕಡ್ಡಿ. ಮಾನಿಟರ್ 60 ಹರ್ಟ್ಸ್, ಫುಲ್ ಎಚ್‌ಡಿ, ಹಿಂದೆ ನೀಲಿ ಬಣ್ಣದ ವಿಜಿಎ ಕೇಬಲ್ ಒಂದೇ.

ಎಸ್‌ಎಂಪಿಎಸ್ ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿತ್ತು. ಅವನಿಗೆ ಸಮಾಧಾನ. ನಾನು ಪಕ್ಕದ ಚಿಕ್ಕ ಕೋಷ್ಟಕ ತೋರಿಸಿದೆ. 12 ವೋಲ್ಟ್ ಸಾಲಿನ ಕೆಳಗೆ 16 ಆಂಪಿಯರ್. 12ನ್ನು 16ರಿಂದ ಗುಣಿಸಿದರೆ 192. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್ ಸಾಲಿನಿಂದಲೇ. ಅಂದರೆ 450 ಅನ್ನುವುದು ಹೆಸರಿಗೆ ಮಾತ್ರ, ಕೆಲಸಕ್ಕೆ ಇರುವುದು 192. ಒಳ್ಳೆಯ 450 ವ್ಯಾಟ್ ಡಬ್ಬಿಯಲ್ಲಿ ಈ ಒಂದೇ ಸಾಲು ಹೆಚ್ಚುಕಡಿಮೆ ಪೂರ್ತಿ 450ನ್ನು ಕೊಡುತ್ತದೆ. ಕೈಯಲ್ಲಿ ಎತ್ತಿ ನೋಡಿದರೂ ಗೊತ್ತಾಗುತ್ತದೆ. ಅಗ್ಗದ್ದು ಖಾಲಿ ಟಿಫಿನ್ ಡಬ್ಬಿಯ ಹಾಗೆ ಹಗುರ. ಕಾರ್ಡಿಗೆ ಕರೆಂಟ್ ಕೊಡುವ 8 ಪಿನ್ ಕೇಬಲ್ ಅದರಲ್ಲಿ ಇರಲೇ ಇಲ್ಲ.

ಅಲ್ಲಿಗೆ ಅವನ ಮೂವತ್ತು ಸಾವಿರ ಇಪ್ಪತ್ತಾರು ಸಾವಿರ ಆಯಿತು. 550 ವ್ಯಾಟಿನ, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ) ಗುರುತಿನ ಒಳ್ಳೆಯ ಎಸ್‌ಎಂಪಿಎಸ್‌ಗೆ ನಾಲ್ಕು ಸಾವಿರದ ಆಸುಪಾಸು ಎತ್ತಿಡಲೇಬೇಕು. ಅವನ ಮುಖ ಬಾಡಿತು. ನನಗೂ ಒಂದು ಹಳೆಯ ಕಥೆ ಉಂಟು. ಕೆಲವು ವರ್ಷಗಳ ಹಿಂದೆ ಹೊಸ ಕಾರ್ಡನ್ನು ಇಂಥದ್ದೇ ಹೆಸರಿಲ್ಲದ ಡಬ್ಬಿಗೆ ಹಾಕಿ ಓಡಿಸಿದ್ದೆ. ಮೂರನೆಯ ತಿಂಗಳು ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ. ಕಾರ್ಡ್ ಬದುಕಿತು, ಮದರ್‌ಬೋರ್ಡ್ ಹೋಯಿತು.

ಮೊದಲು ಗೇಮ್ ಯಾವುದು ಹೇಳಿ

ಎರಡನೆಯ ಪ್ರಶ್ನೆ, ದಿನಾ ಆಡುವುದು ಏನು? ಆಡಬೇಕು ಅಂತ ಆಸೆ ಇರುವುದಲ್ಲ, ನಿಜವಾಗಿ ಆಡುವುದು.

ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಮಾತ್ರ ಅಂದರೆ ದುಬಾರಿ ಕಾರ್ಡ್ ಬೇಡವೇ ಬೇಡ. ಈ ಗೇಮ್‌ಗಳು ಪ್ರೊಸೆಸರ್ ಮೇಲೆ ಜಾಸ್ತಿ ನಿಂತಿವೆ. ರೈಜನ್ 5 5600ಜಿ ತರಹದ ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸ್‌ನಲ್ಲೂ ವ್ಯಾಲರಂಟ್ ಚೆನ್ನಾಗಿ ಓಡುತ್ತದೆ. ಅಂಥವರು ಮೊದಲು 144 ಹರ್ಟ್ಸ್‌ನ ಮಾನಿಟರ್ ತಗೊಳ್ಳಲಿ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಕಾರ್ಡ್ 200 ಚಿತ್ರ ಬಿಡಿಸಿದರೂ ಕಣ್ಣಿಗೆ ಬರುವುದು ಅಷ್ಟೇ.

2015ರಲ್ಲಿ ಪಿಸಿಗೆ ಬಂದ ಜಿಟಿಎ 5, ಫುಟ್‌ಬಾಲ್, ಕ್ರಿಕೆಟ್ ಗೇಮ್‌ಗಳು ಇವುಗಳಿಗೆ ಸಾಧಾರಣ ಕಾರ್ಡ್ ಧಾರಾಳ. ಕಷ್ಟ ಇರುವುದು ಈಚಿನ ದೊಡ್ಡ ಗೇಮ್‌ಗಳಲ್ಲಿ. 2025ರ ಮೇನಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್ ಓಡಬೇಕಾದರೆ ರೇ ಟ್ರೇಸಿಂಗ್ (ಬೆಳಕಿನ ಕಿರಣ ಹೇಗೆ ಬೀಳುತ್ತದೆ ಅಂತ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಮಾಡುವ ಕಾರ್ಡ್ ಇರಲೇಬೇಕು. ಜಿಟಿಎಕ್ಸ್ 1650, ಜಿಟಿಎಕ್ಸ್ 1660 ಸೂಪರ್, ಆರ್‌ಎಕ್ಸ್ 580 ಇವೆಲ್ಲ ಅಲ್ಲಿ ಬಾಗಿಲ ಹೊರಗೆ. ಸೆಟ್ಟಿಂಗ್ ಇಳಿಸಿ ಹೇಗೋ ಆಡೋಣ ಅನ್ನುವ ಹಾಗೂ ಇಲ್ಲ.

ನಮ್ಮ ಹುಡುಗ ಆಡುವುದು ವ್ಯಾಲರಂಟ್ ಮತ್ತು ಜಿಟಿಎ. ಆಸೆ ಮಾತ್ರ ಹೊಸ ಗೇಮ್‌ಗಳ ಮೇಲೆ. ಎರಡನ್ನೂ ಲೆಕ್ಕಕ್ಕೆ ಹಿಡಿದೆವು.

ಬೆಲೆಗೆ ಎರಡು ಸೊನ್ನೆ

ಕಾರ್ಡಿನ ಬೆಲೆ ದಿನಕ್ಕೊಂದು ಥರ. ಅದಕ್ಕೆ ನಾನು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಹೇಳುವ ಡಾಲರ್ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಗ್ರಾಫಿಕ್ಸ್ ಕಾರ್ಡಿಗೆ 18 ಶೇಕಡ ಜಿಎಸ್‌ಟಿ. ಡಾಲರಿಗೆ 85 ರೂಪಾಯಿ ಹಿಡಿದು, 18 ಶೇಕಡ ಸೇರಿಸಿದರೆ ಒಂದು ಡಾಲರಿಗೆ ಹೆಚ್ಚುಕಡಿಮೆ 100 ರೂಪಾಯಿ. 90 ಹಿಡಿದರೆ 106. ಅಂದರೆ ಡಾಲರ್ ಬೆಲೆಯ ಮುಂದೆ ಎರಡು ಸೊನ್ನೆ ಹಾಕಿದರೆ ನ್ಯಾಯವಾದ ರೂಪಾಯಿ ಬೆಲೆ ಹತ್ತಿರ ಹತ್ತಿರ ಸಿಗುತ್ತದೆ.

ಆರ್‌ಟಿಎಕ್ಸ್ 5060ರ ಬಿಡುಗಡೆ ಬೆಲೆ 299 ಡಾಲರ್. ಹಾಗಾದರೆ ಮೂವತ್ತು ಸಾವಿರ. ಆರ್‌ಟಿಎಕ್ಸ್ 5050 ಮತ್ತು ಇಂಟೆಲ್ ಆರ್ಕ್ ಬಿ580 ಎರಡೂ 249, ಇಪ್ಪತ್ತೈದು ಸಾವಿರ. 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ 349, ಮೂವತ್ತೈದು ಸಾವಿರ. ಅಂಗಡಿಯವರು ಇದಕ್ಕಿಂತ ಸಾವಿರ ಎರಡು ಸಾವಿರ ಹೆಚ್ಚು ಹೇಳಿದರೆ ಮಾತಾಡಬಹುದು. ಐದಾರು ಸಾವಿರ ಹೆಚ್ಚು ಹೇಳಿದರೆ ನಮಸ್ಕಾರ ಹೇಳಿ ಹೊರಡಬಹುದು.

ಕೆಳಗಿನ ಮೆಟ್ಟಿಲು: ಹೆಸರಿನ ಮೋಸ ಇರುವುದು ಇಲ್ಲೇ

ಅಂಗಡಿಯಲ್ಲಿ "4 ಜಿಬಿ ಗ್ರಾಫಿಕ್ಸ್ ಕಾರ್ಡ್ ಕೊಡಿ" ಅಂತ ಕೇಳಿದರೆ ಜಿಟಿ 730 ತೆಗೆದುಕೊಡುವವರು ಇದ್ದಾರೆ. 4 ಜಿಬಿ ಅನ್ನುವುದು ಸುಳ್ಳಲ್ಲ. ಆದರೆ ಅದು 2014ರ ಕಾರ್ಡ್, ಡಿಡಿಆರ್3 ಮೆಮರಿ. ಎರಡನೆಯ ಮಾನಿಟರ್ ಹಾಕಲು ಸರಿ, ಗೇಮಿಗೆ ಅಲ್ಲ. ಮೆಮರಿ ಎಷ್ಟು ಅನ್ನುವುದರಿಂದಲೇ ಕಾರ್ಡಿನ ಶಕ್ತಿ ಅಳೆಯಬಾರದು. ಬಾವಿ ದೊಡ್ಡದಿದ್ದು ಪಂಪು ಅರ್ಧ ಎಚ್‌ಪಿಯದ್ದಾದರೆ ತೋಟಕ್ಕೆ ನೀರು ಹೋಗುತ್ತದಾ?

ಇನ್ನೊಂದು, ಆರ್‌ಟಿಎಕ್ಸ್ 3050. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡ್‌ಗಳು ಇವೆ. 2022ರ 8 ಜಿಬಿಯದ್ದು 130 ವ್ಯಾಟ್, ಕೋರ್‌ಗಳು 2560. 2024ರ 6 ಜಿಬಿಯದ್ದು 70 ವ್ಯಾಟ್, ಕೋರ್‌ಗಳು 2304, ಮೆಮರಿಯ ದಾರಿಯೂ ಕಿರಿದು. ಮೆಮರಿ ಕಡಿಮೆ ಇದೆ ಅಷ್ಟೇ ಅಂದುಕೊಳ್ಳಬೇಡಿ, ವೇಗವೂ ಕಡಿಮೆ.

ಹಾಗಂತ 6 ಜಿಬಿಯ 3050 ಕೆಟ್ಟ ಕಾರ್ಡ್ ಅಲ್ಲ. ಅದಕ್ಕೆ ಅದರದ್ದೇ ಜಾಗ ಉಂಟು. ಅದು ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುತ್ತದೆ, ಬೇರೆ ಕೇಬಲ್ ಬೇಡ. ಆಫೀಸಿನಿಂದ ಹೊರಗೆ ಬಿದ್ದ ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಪಿಸಿಗಳು ಮಣಿಪಾಲದ ಹುಡುಗರ ರೂಮುಗಳಲ್ಲಿ ಬೇಕಾದಷ್ಟಿವೆ. ಅವುಗಳ ಎಸ್‌ಎಂಪಿಎಸ್ ಆಕಾರ ಸಾಮಾನ್ಯವಾಗಿ ಬೇರೆ, ಬದಲಿಸುವುದು ಕಷ್ಟ. ಅಂಥದ್ದಕ್ಕೆ ಹೊಸದರಲ್ಲಿ ನಾನು ಹೇಳುವುದು ಇದೊಂದೇ ಕಾರ್ಡ್. ಅಡ್ಡ ಅಗಲ ಇಲ್ಲದ ಸಣಕಲು ಕ್ಯಾಬಿನೆಟ್ ಆದರೆ ಲೋ ಪ್ರೊಫೈಲ್, ಅಂದರೆ ಗಿಡ್ಡ ಮಾದರಿ ಕೇಳಿ.

ಆರ್‌ಎಕ್ಸ್ 6500 ಎಕ್ಸ್‌ಟಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡಿ. 4 ಜಿಬಿ ಮೆಮರಿ. ಮದರ್‌ಬೋರ್ಡಿಗೆ ಮಾತಾಡುವ ದಾರಿ ನಾಲ್ಕೇ ನಾಲ್ಕು ಲೇನ್. ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0 (ಕಾರ್ಡ್ ಕೂರುವ ಸ್ಲಾಟಿನ ಹಿಂದಿನ, ನಿಧಾನದ ತಲೆಮಾರು) ಬೋರ್ಡಿನಲ್ಲಿ ಹಾಕಿದರೆ ಇನ್ನೂ ಕುಂಟುತ್ತದೆ. ಆಟ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋಣ ಅಂದರೆ ಆ ರೆಕಾರ್ಡಿಂಗ್ ಕೆಲಸ ಮಾಡುವ ವಿಡಿಯೋ ಎನ್‌ಕೋಡರ್ ಕೂಡ ಇಲ್ಲ.

ನಡುವಿನ ಮೆಟ್ಟಿಲು: ಮೂವರ ಜಗಳ

2025ರ ದೀಪಾವಳಿಯ ಹೊತ್ತಿಗೆ ಇಪ್ಪತ್ತರಿಂದ ಇಪ್ಪತ್ತಾರು ಸಾವಿರದ ನಡುವೆ ನಿಜವಾದ ಪೈಪೋಟಿ ಇದ್ದದ್ದು ಮೂರು ಕಾರ್ಡ್‌ಗಳಿಗೆ.

ಎಎಂಡಿ ಆರ್‌ಎಕ್ಸ್ 6600. 2021ರ ಅಕ್ಟೋಬರ್‌ನಲ್ಲಿ ಬಂದದ್ದು. 8 ಜಿಬಿ, 132 ವ್ಯಾಟ್, ಒಂದು 8 ಪಿನ್ ಕೇಬಲ್ ಸಾಕು. 6 ಜಿಬಿಯ 3050ಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ವೇಗ. ಫುಲ್ ಎಚ್‌ಡಿಯಲ್ಲಿ ಬಹುತೇಕ ಗೇಮ್‌ಗಳನ್ನು ಮೀಡಿಯಮ್, ಹೈ ಸೆಟ್ಟಿಂಗಿನಲ್ಲಿ ಆಡಿಸುತ್ತದೆ. ರೇ ಟ್ರೇಸಿಂಗ್ ಹೆಸರಿಗೆ ಉಂಟು, ಜಾಸ್ತಿ ಹಾಕಿದರೆ ಏದುಸಿರು ಬಿಡುತ್ತದೆ. ಇದರ ದೊಡ್ಡ ಕೊರತೆ ವಯಸ್ಸು. 2025ರ ಅಕ್ಟೋಬರ್ ಕೊನೆಗೆ ಎಎಂಡಿ ತನ್ನ 5000 ಮತ್ತು 6000 ಸರಣಿಯ ಡ್ರೈವರ್‌ಗಳನ್ನು (ಕಾರ್ಡನ್ನು ಪಿಸಿಯ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಹೊಸ ಕಾರ್ಡ್‌ಗಳಿಂದ ಬೇರೆ ಕವಲಿಗೆ ಹಾಕಿತು. ಡ್ರೈವರ್ ನಿಂತಿಲ್ಲ, ಆದರೆ ಹೊಸ ಸೌಲಭ್ಯಗಳು ಇನ್ನು ಮೊದಲು ಹೋಗುವುದು ಹೊಸ ಕಾರ್ಡ್‌ಗಳಿಗೆ.

ಎನ್‌ವಿಡಿಯಾ ಆರ್‌ಟಿಎಕ್ಸ್ 5050. 2025ರ ಜುಲೈಯಲ್ಲಿ ಬಂತು. 8 ಜಿಬಿ, 130 ವ್ಯಾಟ್. 6600ಕ್ಕಿಂತ ವೇಗ, ಎನ್‌ವಿಡಿಯಾದ್ದೇ 2023ರ ಆರ್‌ಟಿಎಕ್ಸ್ 4060ಕ್ಕಿಂತ ಸ್ವಲ್ಪ ಹಿಂದೆ. ಇದರ ಬಲ ಇರುವುದು ಡಿಎಲ್‌ಎಸ್‌ಎಸ್‌ನಲ್ಲಿ. ಗೇಮನ್ನು ಒಳಗೆ ಚಿಕ್ಕ ಅಳತೆಯಲ್ಲಿ ಬಿಡಿಸಿ, ಪರದೆಗೆ ಕಳಿಸುವಾಗ ದೊಡ್ಡದು ಮಾಡುವ ತಂತ್ರ ಅದು. ಎಎಂಡಿಯದ್ದು ಎಫ್‌ಎಸ್‌ಆರ್, ಇಂಟೆಲ್‌ನದ್ದು ಎಕ್ಸ್‌ಇಎಸ್‌ಎಸ್. ಮೂರೂ ಒಂದೇ ಕೆಲಸ ಮಾಡುತ್ತವೆ. ಆದರೆ ಫುಲ್ ಎಚ್‌ಡಿಯಲ್ಲಿ ಹಳೆಯ ಎಫ್‌ಎಸ್‌ಆರ್ ಹಾಕಿದರೆ ಮರದ ಎಲೆ, ಬೇಲಿಯ ತಂತಿ ಎಲ್ಲ ಮಿನುಗುತ್ತವೆ. ಡಿಎಲ್‌ಎಸ್‌ಎಸ್‌ನಲ್ಲಿ ಆ ತೊಂದರೆ ತುಂಬ ಕಡಿಮೆ. ಚೆನ್ನಾಗಿರುವ ಎಫ್‌ಎಸ್‌ಆರ್ 4 ಅನ್ನು ಎಎಂಡಿ ತಂದದ್ದು ತನ್ನ 9000 ಸರಣಿಗೆ. ಹಾಗಾಗಿ 2025ರಲ್ಲಿ 6600ರವರು ಹಳೆಯದರಲ್ಲೇ ಸುಧಾರಿಸಿಕೊಳ್ಳಬೇಕಿತ್ತು.

ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದಿರುವ ಫ್ರೇಮ್ ಜನರೇಶನ್ ಬೇರೆ ವಿಷಯ. ಎರಡು ಚಿತ್ರಗಳ ನಡುವೆ ಕಾರ್ಡೇ ಊಹಿಸಿದ ಚಿತ್ರ ತುರುಕುವುದು ಅದು. ಮೊದಲೇ 60ರಷ್ಟು ಓಡುತ್ತಿದ್ದರೆ ನುಣುಪಾಗುತ್ತದೆ. 25ರಲ್ಲಿ ತೆವಳುತ್ತಿದ್ದರೆ ಅಂಕಿ ಮಾತ್ರ ಏರುತ್ತದೆ, ಮೌಸ್ ಮಾತ್ರ ಬೆಲ್ಲದ ಪಾಕದಲ್ಲಿ ಎಳೆದ ಹಾಗೆಯೇ ಇರುತ್ತದೆ. ಆ ಅಂಕಿ ನೋಡಿ ಕಾರ್ಡ್ ಹೋಲಿಸಬೇಡಿ.

ಮೂರನೆಯದು ಇಂಟೆಲ್ ಆರ್ಕ್ ಬಿ580. 2024ರ ಡಿಸೆಂಬರ್‌ನಲ್ಲಿ ಬಂದದ್ದು. ಅದೇ 249 ಡಾಲರಿಗೆ 12 ಜಿಬಿ ಮೆಮರಿ! ಕಾಗದದ ಮೇಲೆ ಎಲ್ಲರಿಗಿಂತ ಚೆಂದ. ಹುಡುಗನ ಕಣ್ಣೂ ಇದರ ಮೇಲೆ ಬಿತ್ತು. ಆದರೆ ಇದಕ್ಕೆ ಎರಡು ಕರಾರು ಇವೆ. ಒಂದು, ಮದರ್‌ಬೋರ್ಡಿನ ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗ ಮೊದಲು ಓಡುವ ಪ್ರೋಗ್ರಾಂ) ರೀಸೈಜಬಲ್ ಬಾರ್ ಅನ್ನುವ, ಕಾರ್ಡಿನ ಪೂರ್ತಿ ಮೆಮರಿಯನ್ನು ಪ್ರೊಸೆಸರ್ ಒಮ್ಮೆಲೇ ಮುಟ್ಟುವ ಸೌಲಭ್ಯ ಇರಬೇಕು, ಆನ್ ಆಗಿರಬೇಕು. ಇಲ್ಲದಿದ್ದರೆ ವೇಗ ಬಿದ್ದುಹೋಗುತ್ತದೆ. ಇನ್ನೊಂದು, ಇದರ ಡ್ರೈವರ್ ಪ್ರೊಸೆಸರಿಗೆ ತುಂಬ ಕೆಲಸ ಕೊಡುತ್ತದೆ. ಹೊಸ ವೇಗದ ಪ್ರೊಸೆಸರ್ ಜೊತೆ 4060ಕ್ಕೆ ಸರಿಸಮ ಓಡುವ ಕಾರ್ಡ್, ಹಳೆಯ ಪ್ರೊಸೆಸರ್ ಜೊತೆ ಕೆಲವು ಗೇಮ್‌ಗಳಲ್ಲಿ ಸೊರಗುತ್ತದೆ. ಪರೀಕ್ಷೆಯ ವಿಡಿಯೋಗಳಲ್ಲಿ ಹಾಕುವುದು ಸಾಮಾನ್ಯವಾಗಿ ಮೇಲ್ದರ್ಜೆಯ ಪ್ರೊಸೆಸರ್. ನಮ್ಮ ಮನೆಯಲ್ಲಿ ಇರುವುದು 10400. ಮದುಮಗನ ಬ್ಲೇಜರ್ ಚೆಂದ ಉಂಟು ಅಂತ ಬಾಡಿಗೆಗೆ ತಂದು, ಅಳತೆ ಹಿಡಿಸದೆ ನಿಂತ ಹಾಗೆ ಆಗುತ್ತದೆ. ಹೊಸದಾಗಿಯೇ ಪಿಸಿ ಅಸೆಂಬಲ್ ಮಾಡಿಸುವವರು, ಈಚಿನ ಪ್ರೊಸೆಸರ್ ಹಾಕುವವರು ಬಿ580ಯನ್ನು ಖಂಡಿತ ನೋಡಲಿ. ಅದು 190 ವ್ಯಾಟ್ ಎಳೆಯುತ್ತದೆ, ನೆನಪಿರಲಿ.

ಮೇಲಿನ ಮೆಟ್ಟಿಲು: 8 ಜಿಬಿ ಸಾಕಾ?

ಆರ್‌ಟಿಎಕ್ಸ್ 5060, 2025ರ ಮೇ, 145 ವ್ಯಾಟ್. ಹಿಂದಿನ 4060ಕ್ಕಿಂತ ಸ್ಪಷ್ಟವಾಗಿ ಮುಂದೆ. ಆದರೆ ಮೆಮರಿ ಅದೇ 8 ಜಿಬಿ. ಎದುರಿಗೆ ಆರ್‌ಎಕ್ಸ್ 9060 ಎಕ್ಸ್‌ಟಿ, 2025ರ ಜೂನ್. ಅದು 8 ಜಿಬಿ, 16 ಜಿಬಿ ಎರಡರಲ್ಲೂ ಬರುತ್ತದೆ, ಹೆಸರು ಮಾತ್ರ ಒಂದೇ. ಆನ್‌ಲೈನ್‌ನಲ್ಲಿ ಬೆಲೆ ಕಡಿಮೆ ಕಂಡರೆ ಮೊದಲು ಅದು ಯಾವುದು ಅಂತ ನೋಡಿ.

8 ಜಿಬಿಯ ಜಗಳ ಏನು? ನಮ್ಮ ಕಡೆಯ ಮದುವೆ ಊಟದ ಅಡುಗೆ ನೆನೆಸಿಕೊಳ್ಳಿ. ಒಲೆಯ ಪಕ್ಕದ ಮೇಜಿನ ಮೇಲೆ ತೆಂಗಿನ ತುರಿ, ಮೆಣಸು, ಹುಳಿ ಎಲ್ಲ ಇದ್ದರೆ ಅಡುಗೆಭಟ್ಟರ ಕೈ ಓಡುತ್ತದೆ. ಮೇಜು ಚಿಕ್ಕದಾಗಿ, ಒಂದೊಂದಕ್ಕೂ ಹಿಂದಿನ ಉಗ್ರಾಣಕ್ಕೆ ಹೋಗಿ ಬರಬೇಕಾದರೆ ಪಂಕ್ತಿ ಕಾಯುತ್ತದೆ. ಕಾರ್ಡಿನ ಮೆಮರಿ ಆ ಮೇಜು, ಪಿಸಿಯ ರ್‍ಯಾಮ್ ಉಗ್ರಾಣ. ಮೇಜು ತುಂಬಿದ ಕೂಡಲೇ ಗೇಮ್ ಗಕ್ ಗಕ್ ಅಂತ ನಿಲ್ಲುತ್ತದೆ. ಸರಾಸರಿ ಎಫ್‌ಪಿಎಸ್‌ನಲ್ಲಿ ಇದು ಕಾಣುವುದಿಲ್ಲ. ಆಡುವವನಿಗೆ ಗೊತ್ತಾಗುತ್ತದೆ.

ಉಗ್ರಾಣದ ದಾರಿ ಎಷ್ಟು ಅಗಲ ಅನ್ನುವುದೂ ಮುಖ್ಯ. 5060 ಮತ್ತು 5050 ಬಳಸುವುದು 8 ಲೇನ್, 9060 ಎಕ್ಸ್‌ಟಿ 16 ಲೇನ್. ಹೊಸ ಬೋರ್ಡಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಚ್410 ತರಹದ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ, ಅದೂ ಮೆಮರಿ ತುಂಬಿದಾಗ, 8 ಲೇನಿನ ಕಾರ್ಡ್‌ಗೆ ಪೆಟ್ಟು ಬೀಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಫುಲ್ ಎಚ್‌ಡಿ ಪರದೆಗೆ, ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಸೆಟ್ಟಿಂಗನ್ನು ಅಲ್ಟ್ರಾದಿಂದ ಹೈಗೆ ಇಳಿಸಲು ಬೇಜಾರಿಲ್ಲದವರಿಗೆ 8 ಜಿಬಿ ಈಗ ಸಾಕು. ಐದು ವರ್ಷ ಕಾರ್ಡ್ ಬದಲಿಸುವುದಿಲ್ಲ ಅನ್ನುವವರು, ಅಥವಾ 1440ಪಿ (ಫುಲ್ ಎಚ್‌ಡಿಗಿಂತ ಹೆಚ್ಚು ಚುಕ್ಕೆಗಳ) ಮಾನಿಟರ್ ಇರುವವರು 16 ಜಿಬಿಯ 9060 ಎಕ್ಸ್‌ಟಿಗೆ ಐದು ಸಾವಿರ ಹೆಚ್ಚು ಹಾಕಲಿ. ಮೂವತ್ತು ಸಾವಿರ ಕೊಟ್ಟು 8 ಜಿಬಿ ತಗೊಳ್ಳುವುದು ನನಗೆ ಮನಸ್ಸಿಗೆ ಹಿಡಿಸುವುದಿಲ್ಲ. ಅಷ್ಟು ದುಡ್ಡಿಗೆ ಎರಡು ವರ್ಷಕ್ಕೆ ಸೆಟ್ಟಿಂಗ್ ಇಳಿಸಲು ಶುರು ಮಾಡಬೇಕು ಅಂದರೆ ಬೇಜಾರು ಅಲ್ವಾ? ವಿಡಿಯೋ ಎಡಿಟಿಂಗ್, ಬ್ಲೆಂಡರ್ ಅನ್ನುವ ಸಾಫ್ಟ್‌ವೇರಿನಲ್ಲಿ 3ಡಿ ಚಿತ್ರದ ಕೆಲಸ ಇರುವವರು ಮಾತ್ರ ಎನ್‌ವಿಡಿಯಾ ಕಡೆಗೇ ಹೋಗಲಿ. ಆ ಸಾಫ್ಟ್‌ವೇರ್‌ಗಳು ಅದಕ್ಕೇ ಹೆಚ್ಚು ಒಗ್ಗಿವೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ

ಮಣಿಪಾಲದಲ್ಲಿ, ಸುರತ್ಕಲ್‌ನಲ್ಲಿ ಕೊನೆಯ ವರ್ಷದ ಹುಡುಗರು ಊರಿಗೆ ಹೊರಡುವಾಗ ಪಿಸಿ ಮಾರುತ್ತಾರೆ. ಒಳ್ಳೆಯ ಮಾಲು ಸಿಗುವುದು ಅಲ್ಲೇ, ಅವರ ಕಣ್ಣೆದುರು ಓಡುವುದನ್ನು ನೋಡಿ ತಗೊಳ್ಳಬಹುದು. 12 ಜಿಬಿಯ ಆರ್‌ಟಿಎಕ್ಸ್ 3060 ಸರಿಯಾದ ಬೆಲೆಗೆ ಸಿಕ್ಕರೆ ಬಿಡಬೇಡಿ. 170 ವ್ಯಾಟ್ ಬೇಕು ಅಷ್ಟೇ.

ಜಿಟಿಎಕ್ಸ್ 1050 ಟಿಐ, 1060 ಬೇಡ. 2025ರ ಅಕ್ಟೋಬರ್‌ಗೆ ಎನ್‌ವಿಡಿಯಾ ಆ ತಲೆಮಾರಿಗೆ ಹೊಸ ಗೇಮ್‌ಗಳ ಡ್ರೈವರ್ ನಿಲ್ಲಿಸಿತು, ಇನ್ನು ಬರುವುದು ಭದ್ರತೆಯ ತೇಪೆ ಮಾತ್ರ. ಆರ್‌ಎಕ್ಸ್ 580 ಇನ್ನೂ ಬೇಡ. ಅವುಗಳಲ್ಲಿ ಬಹಳಷ್ಟು ಕಾರ್ಡ್‌ಗಳು ಹಗಲು ರಾತ್ರಿ ಎಥೀರಿಯಮ್ ಅನ್ನುವ ಕ್ರಿಪ್ಟೊ ನಾಣ್ಯದ ಮೈನಿಂಗ್‌ನಲ್ಲಿ (ಲೆಕ್ಕ ಮಾಡಿ ನಾಣ್ಯ ಗಳಿಸುವುದು) ಬೆಂದು ಬಂದವು. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಮ್ ಕಾರ್ಡ್‌ಗಳ ಮೈನಿಂಗನ್ನೇ ಕೈಬಿಟ್ಟ ಮೇಲೆ ರಾಶಿ ರಾಶಿ ಮಾರುಕಟ್ಟೆಗೆ ಬಂದವು.

ನೋಡುವುದು ಹೇಗೆ? ಕಾರ್ಡನ್ನು ಕೈಗೆ ತಗೊಂಡು ಹಿಂದಿನ ತಗಡಿನ ಪಟ್ಟಿ ನೋಡಿ, ಎಚ್‌ಡಿಎಂಐ ಕಿಂಡಿಗಳ ಸುತ್ತ. ಕಡಲ ಬದಿಯ ಮನೆಯಲ್ಲಿ ಇದ್ದ ಕಾರ್ಡ್ ಆದರೆ ಅಲ್ಲಿ ಕಂದು ಚುಕ್ಕೆ ಇರುತ್ತದೆ. ಪಟ್ಟಿಯ ಮೇಲೆ ಮಾತ್ರ ಇದ್ದರೆ ಚಿಂತೆ ಇಲ್ಲ. ಹೀಟ್‌ಸಿಂಕ್ ಸ್ಕ್ರೂಗಳ ತಲೆ ತುಕ್ಕು ಹಿಡಿದಿದ್ದರೆ, ಬೋರ್ಡಿನ ಬೆಸುಗೆಯ ಹತ್ತಿರ ಬಿಳಿ ಹಸಿರು ಪುಡಿ ಕಂಡರೆ ತಿರುಗಿಸಿ ಕೊಡಿ. ಉಪ್ಪುಗಾಳಿ ಒಳಗೆ ಹೊಕ್ಕಿದೆ ಅಂತ ಅರ್ಥ. ಫ್ಯಾನನ್ನು ಬೆರಳಲ್ಲಿ ತಿರುಗಿಸಿ, ಕಿರ್ ಅನ್ನಬಾರದು. ಆಮೇಲೆ ಜಿಪಿಯು-ಝಡ್ ಅನ್ನುವ ಪುಕ್ಕಟೆ ಪ್ರೋಗ್ರಾಂ ಹಾಕಿ ಹೆಸರು, ಮೆಮರಿ ಸರಿ ಇದೆಯಾ ನೋಡಿ. ಹಳೆಯ ಕಾರ್ಡಿಗೆ ಹೊಸ ಹೆಸರು ಬರೆದು ಮಾರುವುದು ಉಂಟು. ಅಂಥ ಎಷ್ಟೋ ಕಾರ್ಡ್‌ಗಳನ್ನು ಅದು ಹಿಡಿದುಕೊಡುತ್ತದೆ. ಕೊನೆಗೆ ಒಂದು ಗೇಮನ್ನು ಅರ್ಧ ಗಂಟೆ ಓಡಿಸಿ. ಐದು ನಿಮಿಷದಲ್ಲಿ ಏನೂ ಗೊತ್ತಾಗುವುದಿಲ್ಲ.

ಎಲ್ಲಿಂದ ತರುವುದು

ಮಂಗಳೂರಿನ ಅಂಗಡಿ, ಬೆಂಗಳೂರಿನ ಎಸ್‌ಪಿ ರೋಡ್, ಆನ್‌ಲೈನ್, ದುಬೈ. ನಮ್ಮ ಊರಿನಲ್ಲಿ ನಾಲ್ಕನೆಯದನ್ನು ಬಿಡುವ ಹಾಗಿಲ್ಲ, ಪ್ರತಿ ಮನೆಗೂ ಒಬ್ಬ ಗಲ್ಫ್‌ನವರು ಇದ್ದಾರೆ. ಅಲ್ಲಿ ವ್ಯಾಟ್ ಅನ್ನುವ ತೆರಿಗೆ 5 ಶೇಕಡ, ಇಲ್ಲಿ ಜಿಎಸ್‌ಟಿ 18. ಆಸೆ ಆಗುವುದು ಸಹಜ. ಆದರೆ ಅಲ್ಲಿ ತಗೊಂಡ ಕಾರ್ಡಿನ ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಆ ಬ್ರಾಂಡಿನ ನಿಯಮ ಓದಿಯೇ ತರಿಸಿ. ಎರಡು ಸಾವಿರ ಉಳಿಸಲು ಹೋಗಿ ಮೂರು ವರ್ಷದ ವಾರಂಟಿ ಬಜ್ಪೆಯಲ್ಲಿ ವಿಮಾನ ಇಳಿಯುವಾಗಲೇ ಮುಗಿದರೆ ಏನು ಪ್ರಯೋಜನ?

ಹಂಪನಕಟ್ಟೆ, ಬಲ್ಮಠದ ಕಡೆಯ ಅಂಗಡಿಗಳಲ್ಲಿ ಆನ್‌ಲೈನ್‌ಗಿಂತ ಸ್ವಲ್ಪ ಜಾಸ್ತಿ ಆದರೂ ನಾನು ಒಂದು ಸಾವಿರದವರೆಗೆ ಯೋಚಿಸುವುದಿಲ್ಲ. ಕಾರ್ಡ್ ಕೆಟ್ಟರೆ ಹಿಡಿದುಕೊಂಡು ಹೋಗಲು ಒಂದು ಮುಖ ಇರುತ್ತದೆ. ಆದರೆ ಜಿಎಸ್‌ಟಿ ಬಿಲ್ ಇಲ್ಲದೆ, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸದೆ ಹೊರಗೆ ಬರಬೇಡಿ. ಬಿಲ್ ಬೇಡದಿದ್ದರೆ ಕಡಿಮೆ ಮಾಡುತ್ತೇನೆ ಅಂದ ಒಬ್ಬರ ಮಾತು ಕೇಳಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಗುಡುಗು, ಯುಪಿಎಸ್, ಯೂನಿಟ್

ಘಟ್ಟದ ಮೇಲಿನವರು ಬರೆದ ಗೈಡ್‌ಗಳಲ್ಲಿ ಇದು ಇರುವುದಿಲ್ಲ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. 5060 ಹಾಕಿದ ಪಿಸಿ, ಮಾನಿಟರ್ ಸೇರಿ ಆಟದ ನಡುವೆ 280ರಷ್ಟು ಎಳೆಯುತ್ತದೆ, ಹಾಗಾಗಿ ತಡೆದುಕೊಳ್ಳುತ್ತದೆ. ಬಿ580 ಹಾಕಿದರೆ ಹಳೆಯ ಬ್ಯಾಟರಿಯ ಯುಪಿಎಸ್ ಕರೆಂಟ್ ಹೋದ ಕ್ಷಣವೇ ಪೀಂ ಅಂತ ಕೈಚೆಲ್ಲಬಹುದು. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದಾ? ಅರ್ಥಿಂಗ್ ಇಲ್ಲ ಅಂತ ಅರ್ಥ. ಕಾರ್ಡಿಗೆ ಮುಂಚೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಗುಡುಗು ಶುರುವಾದರೆ ಪ್ಲಗ್ ತೆಗೆಯುವುದು ಎಲ್ಲರಿಗೂ ಗೊತ್ತು. ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ತೆಗೆಯಲು ಮರೆಯುತ್ತಾರೆ. ಸಿಡಿಲು ಆ ದಾರಿಯಲ್ಲೂ ಬಂದು ಬೋರ್ಡ್ ಸುಡುತ್ತದೆ.

ದಿನಕ್ಕೆ ಮೂರು ಗಂಟೆ ಆಡಿದರೆ 280 ವ್ಯಾಟಿನ ಲೆಕ್ಕದಲ್ಲಿ ತಿಂಗಳಿಗೆ 25 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 180ರ ಹತ್ತಿರ ಇರುವ ಮನೆಯಾದರೆ ಅಮ್ಮನಿಗೆ ಮೊದಲೇ ಹೇಳಿಡುವುದು ಒಳ್ಳೆಯದು. 145 ವ್ಯಾಟಿನ ಕಾರ್ಡಿಗೂ 190 ವ್ಯಾಟಿನ ಕಾರ್ಡಿಗೂ ವ್ಯತ್ಯಾಸ ತಿಂಗಳಿಗೆ ನಾಲ್ಕೇ ಯೂನಿಟ್, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೊನೆಗೆ ತಂದದ್ದು

ಹುಡುಗನಿಗೆ ಆರ್‌ಎಕ್ಸ್ 6600. ಇಪ್ಪತ್ತೊಂದು ಸಾವಿರದ ಹತ್ತಿರ ಸಿಕ್ಕಿತು. 5050 ಮೇಲೇ ಅನ್ನುವುದು ನನಗೂ ಗೊತ್ತಿತ್ತು. ಆದರೆ ಆ ನಾಲ್ಕು ಸಾವಿರದ ವ್ಯತ್ಯಾಸದಲ್ಲಿ ಎಸ್‌ಎಂಪಿಎಸ್ ಬಂತು. ಉಳಿದದ್ದರಲ್ಲಿ ಇನ್ನೊಂದು 8 ಜಿಬಿ ರ್‍ಯಾಮ್ ಕಡ್ಡಿ. ಒಂದೇ ಕಡ್ಡಿಯಲ್ಲಿ ಓಡುವ ಪಿಸಿಗೆ ಎರಡನೆಯದು ಹಾಕಿದರೆ ಗೇಮ್ ಎಷ್ಟು ನಯವಾಗುತ್ತದೆ ಅನ್ನುವುದು ಕಾರ್ಡ್ ಬದಲಿಸಿದಷ್ಟೇ ಎದ್ದು ಕಾಣುತ್ತದೆ. ಆಮೇಲೆ ರ್‍ಯಾಮ್ ಬೆಲೆ ಹುಚ್ಚುಹುಚ್ಚಾಗಿ ಏರಿದ್ದು ನೋಡಿದರೆ ಆವತ್ತು ತಂದದ್ದೇ ಒಳ್ಳೆಯದಾಯಿತು. ಅವನ ಪಿಸಿಗೆ ಒಳ್ಳೆಯ ಎಸ್‌ಎಂಪಿಎಸ್, ಎರಡು ಕಡ್ಡಿ ರ್‍ಯಾಮ್ ಮೊದಲೇ ಇದ್ದಿದ್ದರೆ ಕಣ್ಣು ಮುಚ್ಚಿ 5050 ಹೇಳುತ್ತಿದ್ದೆ.

ಮರೆಯುವ ಮುಂಚೆ: ಹೊಸ ಕಾರ್ಡ್‌ಗಳಲ್ಲಿ ವಿಜಿಎ ಕಿಂಡಿ ಇರುವುದಿಲ್ಲ. ನೀಲಿ ಕೇಬಲಿನ ಮಾನಿಟರ್ ಇದ್ದರೆ ಎಚ್‌ಡಿಎಂಐಯಿಂದ ವಿಜಿಎ ಮಾಡುವ ಕನ್ವರ್ಟರ್ ಒಂದನ್ನು ಅದೇ ಅಂಗಡಿಯಿಂದ ತನ್ನಿ. ನಾವು ತಂದಿದ್ದೆವು.

ಸಂಜೆ ನಾಲ್ಕಕ್ಕೆ ಜೋಡಿಸಲು ಕೂತವರು ಆರಕ್ಕೆ ಮುಗಿಸಿದೆವು. ಸ್ವಿಚ್ ಹಾಕಿದ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಕಪ್ಪು. ಅವನು ಅಂಗಡಿಗೆ ಫೋನ್ ಮಾಡಲು ಮೊಬೈಲ್ ತೆಗೆದೇ ಬಿಟ್ಟ.

"ಕೇಬಲ್ ಎಲ್ಲಿ ಹಾಕಿದ್ದಿ?"

ಬಗ್ಗಿ ನೋಡಿದ. ಕನ್ವರ್ಟರ್ ಹಳೆಯ ಅಭ್ಯಾಸದ ಹಾಗೆ ಮೇಲಿನ ಮದರ್‌ಬೋರ್ಡ್ ಕಿಂಡಿಯಲ್ಲಿ ಕೂತಿತ್ತು. ಕಿತ್ತು ಕೆಳಗೆ ಕಾರ್ಡಿಗೆ ಹಾಕಿದ. ಪರದೆ ಬಂತು. ಡ್ರೈವರ್ ಹಾಕಿ, ಜಿಟಿಎ ತೆರೆದು, ಎಲ್ಲ ಸೆಟ್ಟಿಂಗನ್ನೂ ಮೇಲಕ್ಕೆ ಎಳೆದು, ಕಾರು ಹತ್ತಿ ಸಮುದ್ರದ ಬದಿಯ ರಸ್ತೆಗೆ ಇಳಿಸಿದ. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಪಡುವಣ ಕಡೆಯಿಂದ ಗುಡುಗು ಕೇಳಿತು. ಅಡುಗೆಮನೆಯಿಂದ ಅಕ್ಕ ಕೂಗಿದಳು, "ಪ್ಲಗ್ ತೆಗೀರಾ ಮಾರಾಯ್ರೇ!"

ಅವನು ಲ್ಯಾನ್ ಕೇಬಲನ್ನೂ ತೆಗೆದ.